ಬೋರ್ಡಿನ ಮೇಲಿನ ಲೆಕ್ಕ: ಒಂದು ಹಾಸ್ಟೆಲ್ ಮೆಸ್, ಮೂವರು ಸೆಕ್ರೆಟರಿಗಳು

ವಿದ್ಯಾರ್ಥಿ ನಾಯಕತ್ವದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಯಾರಾದರೂ ಕರೆದರೆ ನಾನು ಈ ಒಂದೇ ಕತೆ ಹೇಳುತ್ತೇನೆ. ಕೇಳಿದವರಿಗೆ ಸ್ವಲ್ಪ ನಿರಾಶೆ ಆಗುತ್ತದೆ. ಇದರಲ್ಲಿ ಹೋರಾಟ ಇಲ್ಲ, ವೇದಿಕೆ ಇಲ್ಲ, ಚಪ್ಪಾಳೆ ಅಂತೂ ಇಲ್ಲವೇ ಇಲ್ಲ. ಇರುವುದು ಅನ್ನ, ಸಾರು, ರೊಟ್ಟಿ, ಉಳ್ಳಾಗಡ್ಡಿ ಮತ್ತು ಬಾಕಿ ದುಡ್ಡು.

ಜಾಗ ಉತ್ತರ ಕರ್ನಾಟಕದ ಒಂದು ಪಿ.ಜಿ. (ಸ್ನಾತಕೋತ್ತರ) ಹುಡುಗರ ಹಾಸ್ಟೆಲ್. ಯಾವ ಊರು, ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಹುಡುಗರ ಹೆಸರೂ ಹೇಳುವುದಿಲ್ಲ, ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ, ಲೆಕ್ಕದ ಅಂಕಿಗಳನ್ನು ಹತ್ತಿರದ ಸುತ್ತು ಸಂಖ್ಯೆಗೆ ತಂದಿದ್ದೇನೆ. ಆ ವರ್ಷ ಮೆಸ್ ನೋಡಿಕೊಂಡ ಮೂವರನ್ನು ಮೊದಲನೆಯವನು, ಎರಡನೆಯವನು, ಮೂರನೆಯವನು ಅಂತಲೇ ಕರೆಯುತ್ತೇನೆ. ಕಾಲ 2019ರ ಆಗಸ್ಟ್‌ನಿಂದ 2020ರ ಮಾರ್ಚ್. ನಾನು ಆಗ ಅಲ್ಲಿ ವಾರ್ಡನ್. ಈ ಕತೆಯಲ್ಲಿ ನನ್ನ ಪಾತ್ರ ಅಷ್ಟೇನೂ ಚೆನ್ನಾಗಿಲ್ಲ, ಅದನ್ನೂ ಹೇಳುತ್ತೇನೆ.

ಮೆಸ್ ನಡೆಯುತ್ತಿದ್ದ ರೀತಿ

ಡಿವೈಡಿಂಗ್ ಮೆಸ್ ಅಂದರೆ ಗೊತ್ತಲ್ವಾ? ತಿಂಗಳ ಪೂರ್ತಿ ಖರ್ಚು ಕೂಡಿಸುವುದು, ಉಂಡವರ ಹಾಜರಿ ನೋಡಿ ಹಂಚುವುದು. ಲಾಭ ಯಾರಿಗೂ ಇಲ್ಲ, ಗುತ್ತಿಗೆದಾರ ಇಲ್ಲ. ಹುಡುಗರೇ ಸೆಕ್ರೆಟರಿ, ಹುಡುಗರೇ ಕಮಿಟಿ. ವಾರ್ಡನ್ ಸಹಿ ಹಾಕುವವನು ಅಷ್ಟೇ.

ಇದರಲ್ಲಿ ಒಂದು ಗುಟ್ಟು ಇದೆ, ಅದು ಅರ್ಥವಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಅಡುಗೆಯವರ ಪಗಾರ, 19 ಕೆಜಿಯ ಕಮರ್ಷಿಯಲ್ ಸಿಲಿಂಡರುಗಳು, ನೀರಿನ ಟ್ಯಾಂಕರ್, ಇವೆಲ್ಲ ಸೇರಿ ತಿಂಗಳಿಗೆ ಸುಮಾರು 39,000 ರೂಪಾಯಿ. ಎಷ್ಟು ಜನ ಉಂಡರೂ ಈ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಅದರ ಮೇಲೆ ಅಕ್ಕಿ, ಬೇಳೆ, ಜೋಳ, ಎಣ್ಣೆ, ಕಾಯಿಪಲ್ಲೆ, ಹಾಲು ಅಂತ ತಲೆಗೆ ದಿನಕ್ಕೆ 45 ರೂಪಾಯಿ, ಅಂದರೆ ತಿಂಗಳಿಗೆ 1,350. ಆಗಸ್ಟ್‌ನಲ್ಲಿ 72 ಜನ ಉಣ್ಣುತ್ತಿದ್ದರು. 39,000 ಭಾಗಿಸು 72, ಅದಕ್ಕೆ 1,350 ಕೂಡಿಸಿದರೆ ಬಿಲ್ 1,890ರ ಆಸುಪಾಸು. ಅದೇ 48 ಜನ ಆದರೆ 2,160. 39 ಜನ ಆದರೆ 2,350. ನಮ್ಮ ಗೇಟಿನ ಎದುರಿನ ಖಾನಾವಳಿಯಲ್ಲಿ ತಿಂಗಳ ಊಟದ ಕೂಪನ್ ಆಗ 2,200.

ಅಂದರೆ ನಾಲ್ಕು ಜನ ಬೇಸತ್ತು ಮೆಸ್ ಬಿಟ್ಟರೆ ಉಳಿದವರ ಬಿಲ್ ಏರುತ್ತದೆ. ಏರಿದ ಬಿಲ್ ನೋಡಿ ಇನ್ನೂ ಆರು ಜನ ಬಿಡುತ್ತಾರೆ. ಬಿಲ್ 2,200 ದಾಟಿದ ದಿನ ಮೆಸ್ಸಿನ ಕತೆ ಮುಗಿದಂತೆಯೇ. ಇದಕ್ಕೆ ಯಾರೂ ಕದಿಯಬೇಕಾಗಿಲ್ಲ, ಯಾರೂ ಕೆಟ್ಟವರಾಗಬೇಕಾಗಿಲ್ಲ. ದಿನಾ ನೋಡುವವರು ಇಲ್ಲದಿದ್ದರೆ ಸಾಕು.

ಮೊದಲನೆಯವನು

ಜುಲೈ ಕೊನೆಯಲ್ಲಿ ಊಟದ ಹಾಲ್‌ನಲ್ಲಿ ಮೀಟಿಂಗ್ ಆಯಿತು. ಸೀಟಿ, ಗದ್ದಲ, ತಾಟು ಬಡಿಯುವುದು. ಮೊದಲನೆಯವನು ಬೆಂಚಿನ ಮೇಲೆ ಹತ್ತಿ ಐದು ನಿಮಿಷ ಮಾತಾಡಿದ. ಬಿಲ್ ಇಳಿಸುತ್ತೇನೆ, ಬುಧವಾರ ಮೊಟ್ಟೆ, ಭಾನುವಾರ ಪಲಾವ್, ತಿಂಗಳಿಗೊಮ್ಮೆ ಹೋಳಿಗೆ ಊಟ ಅಂದ. ಎಲ್ಲರೂ ಕೈ ಎತ್ತಿದರು. ನಾನೂ ಒಳಗೊಳಗೇ ಕೈ ಎತ್ತಿದೆ. ಅಂಥ ಹುಡುಗ ಸಿಕ್ಕರೆ ವಾರ್ಡನ್‌ಗೆ ತಲೆನೋವು ಕಡಿಮೆ ಅಂತ ನನ್ನ ಲೆಕ್ಕ.

ಆಗಸ್ಟ್ ಮೊದಲ ವಾರ ಮಳೆ ಹಿಡಿಯಿತು. 2019ರ ಆ ಮಳೆ ಈ ಭಾಗದವರಿಗೆ ಮರೆಯುವಂಥದ್ದಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಮಲಪ್ರಭೆಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು, ನಮ್ಮ ಹಾಸ್ಟೆಲ್‌ನ ಕೆಲವು ಹುಡುಗರ ಮನೆಗಳೂ ಅದರಲ್ಲಿದ್ದವು. ಮೊದಲನೆಯವನು ಆವತ್ತು ಮಾಡಿದ ಕೆಲಸ ನೆನೆದರೆ ಈಗಲೂ ಖುಷಿ. ಎರಡು ರಾತ್ರಿ ನಿದ್ದೆ ಇಲ್ಲ. ಓಣಿ ಓಣಿ ತಿರುಗಿ ಕಟಕು ರೊಟ್ಟಿ, ಶೇಂಗಾ ಹಿಂಡಿ, ಚಾದರ ಕೂಡಿಸಿದ, ಬಾಡಿಗೆಗೆ ಟೆಂಪೋ ಹಿಡಿದ, ತಾನೇ ಜೊತೆಗೆ ಹೋಗಿ ಹಂಚಿ ಬಂದ. ಮೂವತ್ತು ಹುಡುಗರು ಅವನ ಹಿಂದೆ ಇದ್ದರು.

ಅದೇ ಹುಡುಗ ಬೆಳಿಗ್ಗೆ 6ಕ್ಕೆ ಎದ್ದು ಹಾಲು ಅಳೆಸಿಕೊಳ್ಳಲು ಬರಲಿಲ್ಲ. ಮೊದಲ ವಾರ ಬಂದ. ಎರಡನೇ ವಾರ ಎರಡು ದಿನ ಬಂದ. ಆಮೇಲೆ ವಾಟ್ಸಾಪ್ ಗ್ರೂಪಿನಲ್ಲಿ 'ಇಂದಿನ ಮೆನು' ಅಂತ ಬಣ್ಣದ ಪೋಸ್ಟರ್ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಇದನ್ನು ಸೋಮಾರಿತನ ಅಂತ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ, ಯಾಕೆಂದರೆ ಟೆಂಪೋದ ಮೇಲೆ ಮಳೆಯಲ್ಲಿ ನೆನೆಯುತ್ತ ನಿಂತವನನ್ನು ನಾನೇ ನೋಡಿದ್ದೇನೆ. ಜಾತ್ರೆ ಮಾಡುವುದು ಬೇರೆ, ದಿನಾ ದೀಪ ಹಚ್ಚುವುದು ಬೇರೆ. ನಾವು ಕಾಲೇಜುಗಳಲ್ಲಿ ಜಾತ್ರೆ ಮಾಡುವವರನ್ನೇ ನಾಯಕರು ಅಂತ ಗುರುತಿಸುತ್ತೇವೆ. ಅವನಿಗೆ ನೆರೆ ಪರಿಹಾರಕ್ಕೆ ಸರ್ಟಿಫಿಕೇಟ್ ಸಿಕ್ಕಿತು. ಮೆಸ್ ಸೆಕ್ರೆಟರಿಗೆ ಸರ್ಟಿಫಿಕೇಟ್ ಕೊಟ್ಟಿದ್ದನ್ನು ನಾನಂತೂ ಎಲ್ಲೂ ಕಂಡಿಲ್ಲ.

ಸೆಪ್ಟೆಂಬರ್ ಕೊನೆಗೆ ಬಿಲ್ ಹಚ್ಚಿದಾಗ ಗಲಾಟೆ ಆಯಿತು. ಮೊಟ್ಟೆ, ಪಲಾವ್ ಎಲ್ಲ ಸೇರಿ 2,100ಕ್ಕೆ ಬಂದಿತ್ತು. ಅವನ ಗೆಳೆಯರೇ ಅವನನ್ನು ಹಾಲ್‌ನಲ್ಲಿ ನಿಲ್ಲಿಸಿ ಕೇಳಿದರು. ಅವನ ಹತ್ತಿರ ಚೀಟಿಗಳು ಇರಲಿಲ್ಲ. ದುಡ್ಡು ಹೊಡೆದಿದ್ದಾನೆ ಅಂತ ಒಬ್ಬ ಅಂದ. ಹೊಡೆದಿರಲಿಲ್ಲ, ಅದು ನನಗೆ ಖಾತ್ರಿ. ಆದರೆ ತೋರಿಸಲು ಅವನಿಗೆ ಆಗಲಿಲ್ಲ. ಮರುದಿನ ಬಿಟ್ಟ.

ಎರಡನೆಯವನು

ನಾನು ಈ ಸಲ ಚುನಾವಣೆ ಬೇಡ ಅಂದೆ. ಲೆಕ್ಕದಲ್ಲಿ ಗಟ್ಟಿ ಇದ್ದ ಒಬ್ಬನನ್ನು ನಾನೇ ಕರೆದು ಕೂರಿಸಿದೆ. ಅಕ್ಟೋಬರ್ 1ರಿಂದ ಅವನು ಶುರು ಮಾಡಿದ.

ಅವನು ಕೆಲಸದಲ್ಲಿ ಕಟ್ಟುನಿಟ್ಟು. ಸ್ಟಾಕ್ ರಿಜಿಸ್ಟರ್, ಹಾಜರಿ ರಿಜಿಸ್ಟರ್, ಸ್ಟೋರ್ ರೂಮಿಗೆ ಹೊಸ ಕೀಲಿ, ಆ ಕೀಲಿ ಅವನ ಕಿಸೆಯಲ್ಲಿ. ಹತ್ತು ದಿನದಲ್ಲಿ ಅವನು ಹಿಡಿದದ್ದು ಸರಿಯೇ ಇತ್ತು. ಹಾಜರಿ ಹಾಕದೇ ಉಣ್ಣುವವರು ದಿನಕ್ಕೆ ಏಳೆಂಟು ಜನ. ಎಣ್ಣೆ ಲೆಕ್ಕಕ್ಕಿಂತ ಜಾಸ್ತಿ ಹೋಗುತ್ತಿದೆ. ದಿನಾ ರಾತ್ರಿ ಅರ್ಧ ಪಾತೇಲಿ ಅನ್ನ ಚೆಲ್ಲುತ್ತಿದೆ. ಮೂರಕ್ಕೂ ಅವನ ಔಷಧ ಒಂದೇ, ದಂಡ.

ಎಣ್ಣೆಯ ವಿಷಯಕ್ಕೆ ಅವನು ಹಿರಿಯ ಅಡುಗೆಯಾಕೆಯನ್ನು ಎಲ್ಲರೆದುರು ಕೇಳಿದ. ಆಕೆ ಅಲ್ಲಿ ಹದಿನಾಲ್ಕು ವರ್ಷದಿಂದ ಇದ್ದವರು, ಹುಡುಗರೆಲ್ಲ ಅವ್ವ ಅಂತಲೇ ಕರೆಯುವುದು. ಆಕೆ ಸೌಟು ಕೆಳಗಿಟ್ಟು, "ನಿನ್ನ ವಯಸ್ಸಿನ ಮಗ ಅದಾನ ನಂಗ" ಅಂತ ಹೇಳಿ ಮನೆಗೆ ಹೋದರು. ಎರಡು ದಿನ ಬರಲಿಲ್ಲ. ಎರಡು ದಿನ ಹುಡುಗರು ಖಾನಾವಳಿಯಲ್ಲಿ ಉಂಡರು, ಅದರಲ್ಲಿ ಒಂಬತ್ತು ಜನ ಆಮೇಲೆ ವಾಪಸ್ ಬರಲೇ ಇಲ್ಲ. ಲೆಕ್ಕದ ಪ್ರಕಾರ ಅವನು ಸರಿ, ಆದರೆ ಲೆಕ್ಕ ಸರಿಮಾಡಲು ಹೋಗಿ ಭಾಜಕವನ್ನೇ, ಅಂದರೆ ಖರ್ಚು ಹಂಚಿಕೊಳ್ಳುವ ಜನರನ್ನೇ, ಕಳೆದುಕೊಂಡ.

ಬಾಕಿಯದ್ದು ಇನ್ನೊಂದು ಕತೆ. ಆ ಹೊತ್ತಿಗೆ 26 ಜನರ ಬಾಕಿ ಇತ್ತು, ಕಿರಾಣಿ ಅಂಗಡಿಗೆ ನಾವು ಕೊಡಬೇಕಾದದ್ದು 58,000. ಅಂಗಡಿಯವರು ಉದ್ರಿ ನಿಲ್ಲಿಸುತ್ತೇವೆ ಅಂತ ಹೇಳಿ ಕಳಿಸಿದರು. ಎರಡನೆಯವನು 26 ಜನರ ಹೆಸರನ್ನೂ ಪಟ್ಟಿ ಮಾಡಿ ಬಾಗಿಲಿಗೆ ಹಚ್ಚಿದ. ಆ ಪಟ್ಟಿಯಲ್ಲಿ ನೆರೆಯಲ್ಲಿ ಮನೆ ಬಿದ್ದವನೂ ಇದ್ದ, ಹೊಸ ಮೊಬೈಲ್ ಕೊಂಡವನೂ ಇದ್ದ. ಇಬ್ಬರೂ ಒಂದೇ ಸಾಲಿನಲ್ಲಿ. ಮನೆ ಬಿದ್ದ ಹುಡುಗ ಅವತ್ತು ರಾತ್ರಿ ಉಣ್ಣಲು ಬರಲಿಲ್ಲ. ನನಗೆ ಇದು ಗೊತ್ತಾಗಿದ್ದು ಒಂದು ವಾರ ಕಳೆದ ಮೇಲೆ.

ನವೆಂಬರ್ ಮೂರನೇ ವಾರ, ಬೆಳಿಗ್ಗೆ ನನ್ನ ಬಾಗಿಲ ಕೆಳಗಿನಿಂದ ಒಂದು ಲಕೋಟೆ ತೂರಿಸಿತ್ತು. ಒಳಗೆ ಸ್ಟೋರ್ ಕೀಲಿ ಮತ್ತು ಎರಡು ಸಾಲು. ಪರೀಕ್ಷೆ ಹತ್ತಿರ ಬಂತು, ಮಾಡಲು ಆಗುವುದಿಲ್ಲ ಅಂತ. ಆಮೇಲೆ ಸಿಕ್ಕಾಗ ಅವನು ಕೇಳಿದ್ದು ಒಂದೇ ಮಾತು: "ನಾ ಏನ್ ತಪ್ಪು ಮಾಡೇನ್ರಿ ಸರ್?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಉಂಡವರು 39ಕ್ಕೆ ಇಳಿದಿದ್ದರು. ನಾನು ಮೆಸ್ ಮುಚ್ಚಿ ಗುತ್ತಿಗೆಗೆ ಕೊಡುವ ಕಾಗದ ಬರೆದಿಟ್ಟೆ. ಡಿಸೆಂಬರ್ 1ರಿಂದ ಅಂತ ತಾರೀಖು ಕೂಡ ಹಾಕಿದ್ದೆ.

ಮೂರನೆಯವನು, ಅವನ ಷರತ್ತುಗಳು

ಯಾವ ಮೀಟಿಂಗ್‌ನಲ್ಲೂ ಬಾಯಿ ಬಿಡದ ಹುಡುಗ. ನನಗೆ ಅವನ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತ, ಕೂಡು ಅಂದರೂ ಕೂಡಲಿಲ್ಲ.

"ಸರ್, ಮೆಸ್ ನಾ ನೋಡ್ಕೋತೇನ್ರಿ. ಮಾರ್ಚ್ 31ರ ತನಾ ಅಷ್ಟ. ಮುಂದ ಒಂದ್ ದಿನಾನೂ ಮಾಡೂದಿಲ್ರಿ."

ನನಗೆ ನಗು ಬಂತು. ಶುರು ಮಾಡುವ ಮೊದಲೇ ಬಿಡುವ ತಾರೀಖು ಹೇಳುವವನನ್ನು ಅದೇ ಮೊದಲು ನೋಡಿದ್ದು. ಆಮೇಲೆ ಉಳಿದದ್ದು ಹೇಳಿದ. ದಿನಾ ಬೆಳಿಗ್ಗೆ 6ರಿಂದ 6:30 ಅಡುಗೆಮನೆಯಲ್ಲಿ ಇರುತ್ತೇನೆ. ದಿನಾ ರಾತ್ರಿ 9:30ಕ್ಕೆ ಹಾಲ್‌ನ ಕಪ್ಪು ಹಲಗೆಯ ಮೇಲೆ ಅವತ್ತಿನ ಖರ್ಚು ಬರೆಯುತ್ತೇನೆ. ಎರಡು ವಾರಕ್ಕೊಮ್ಮೆ ಭಾನುವಾರ ಊರಿಗೆ ಹೋಗುತ್ತೇನೆ, ಅವತ್ತು ರೂಮ್‌ಮೇಟ್ ಬರುತ್ತಾನೆ. ಇಷ್ಟೇ ನನ್ನ ಕೈಲಿ ಆಗುವುದು. ಬಿಲ್ ಇಳಿಯುತ್ತದೆ ಅಂತ ನಾನು ಹೇಳುವುದಿಲ್ಲ.

ಮತ್ತೆ ಸ್ವಲ್ಪ ಸುಮ್ಮನೆ ನಿಂತು ಕೇಳಿದ: "ಸರ್, ನೀವು ಕಡೀಗೆ ಇಲ್ಲಿ ಊಟಾ ಮಾಡಿದ್ದು ಯಾವಾಗ್ರಿ?"

ಜೂನ್‌ನಲ್ಲಿ ಇರಬೇಕು. ಅದೂ ಹೋಳಿಗೆ ಊಟ ಅಂತ ಕರೆದಿದ್ದಕ್ಕೆ. ನಾನು ಹೇಳಲಿಲ್ಲ, ಅವನಿಗೆ ಗೊತ್ತಿತ್ತು. ವಾರಕ್ಕೆ ಒಂದು ರಾತ್ರಿ ನೀವೂ ಇಲ್ಲೇ ಉಣ್ಣಬೇಕು, ಗೆಸ್ಟ್ ಚಾರ್ಜ್ ಕೊಟ್ಟು, ಹುಡುಗರ ಜೊತೆ ಸಾಲಿನಲ್ಲಿ ನಿಂತು ಅಂದ. ಮಂಗಳವಾರ ಅಂತ ಗೊತ್ತುಮಾಡಿದೆವು. ಗುತ್ತಿಗೆಯ ಕಾಗದ ಡ್ರಾಯರ್‌ಗೆ ಹೋಯಿತು.

ಬೆಳಗಿನ ಅರ್ಧ ಗಂಟೆಯಲ್ಲಿ ಏನು ಆಗುತ್ತದೆ

ಹೊರಗಿನಿಂದ ನೋಡಿದರೆ ಏನೂ ಇಲ್ಲ. ಹಾಲಿನವನು ಬರುತ್ತಾನೆ, ಕಾಯಿಪಲ್ಲೆಯ ಗಾಡಿ ಬರುತ್ತದೆ, ಸ್ಟೋರ್ ತೆಗೆದು ಅವತ್ತಿನ ಅಕ್ಕಿ, ಬೇಳೆ, ಹಿಟ್ಟು ಅಳೆದು ಕೊಡುತ್ತಾರೆ. ಆದರೆ ಮೆಸ್ಸಿನ ಖರ್ಚು ನಿರ್ಧಾರ ಆಗುವುದು ಅಲ್ಲೇ. ತಿಂಗಳ ಕೊನೆಗೆ ನಾವು ಜಗಳ ಆಡುವ ಮೊತ್ತ ಮೂವತ್ತು ಬೆಳಗುಗಳಲ್ಲಿ ಸೇರಿಸಿಟ್ಟದ್ದು. ಯಾರೂ ನಿಲ್ಲದಿದ್ದರೆ ಹಾಲಿಗೆ ನೀರು ಬೀಳುತ್ತದೆ, ಬಾಡಿದ ಬದನೆಕಾಯಿ ಬರುತ್ತದೆ, ಎಷ್ಟು ಜನ ಉಣ್ಣುತ್ತಾರೆ ಅಂತ ಗೊತ್ತಿಲ್ಲದೆ ಅವ್ವ ಅಂದಾಜಿಗೆ ಜಾಸ್ತಿಯೇ ಹಾಕುತ್ತಾರೆ. ಕಡಿಮೆ ಬಿದ್ದರೆ ಬೈಸಿಕೊಳ್ಳುವವರು ಆಕೆಯೇ ತಾನೇ?

ಮೂರನೆಯವನು ಮೊದಲ ವಾರ ಏನೂ ಬದಲಿಸಲಿಲ್ಲ. ಕೀಲಿ ಅವ್ವನ ಕೈಗೆ ಕೊಟ್ಟ. "ನೀವ ತಗೀರಿ, ನಾ ಬರಕೋತೇನಿ" ಅಂದ. ಅವ್ವ ಅಳೆದು ಹಾಕುತ್ತಿದ್ದರು, ಅವನು ಪಕ್ಕದಲ್ಲಿ ನಿಂತು ಬರೆಯುತ್ತಿದ್ದ. ಎಣ್ಣೆಯ ಖರ್ಚು ಏಳೆಂಟು ದಿನದಲ್ಲಿ ತಾನಾಗಿಯೇ ಇಳಿಯಿತು. ಮೊದಲು ಎಲ್ಲಿಗೆ ಹೋಗುತ್ತಿತ್ತು ಅಂತ ಅವನು ಕೇಳಲಿಲ್ಲ. ನಾನು ಕೇಳು ಅಂದೆ. "ಬ್ಯಾಡ್ರಿ ಸರ್" ಅಂದ. ಅವನು ಸರಿ, ನಾನು ತಪ್ಪು ಅಂತ ಈಗ ಅನಿಸುತ್ತದೆ, ಆದರೆ ಪೂರ್ತಿ ಅಲ್ಲ. ಕೇಳಬೇಕಿತ್ತು ಅನ್ನುವ ದಿನಗಳೂ ಇವೆ.

ಎರಡನೇ ವಾರ ಒಂದು ಚಿಕ್ಕ ಬದಲಾವಣೆ. ರಾತ್ರಿ ಊಟಕ್ಕೆ ಬರದವರು ಬೆಳಿಗ್ಗೆ ನಾಷ್ಟಾ ಹೊತ್ತಿಗೆ ರಿಜಿಸ್ಟರಿನಲ್ಲಿ ತಮ್ಮ ಹೆಸರಿನ ಮುಂದೆ ಗೀಟು ಹಾಕಬೇಕು. ಹಾಕಿದರೆ ಆ ಊಟದ ದುಡ್ಡು ಇಲ್ಲ. ಹಾಕದಿದ್ದರೆ ಇದೆ. ದಂಡ ಅನ್ನುವ ಮಾತೇ ಇಲ್ಲ. ಚೆಲ್ಲುವ ಅನ್ನ ಅರ್ಧಕ್ಕೆ ಇಳಿಯಿತು.

ಉಳ್ಳಾಗಡ್ಡಿ

ಆ ವರ್ಷದ ಮಳೆಗೆ ಬೆಳೆ ಹಾಳಾಗಿ ಉಳ್ಳಾಗಡ್ಡಿ ರೇಟು ಏರುತ್ತಾ ಹೋಯಿತು. ಡಿಸೆಂಬರ್‌ನಲ್ಲಿ ಕೆಜಿಗೆ 100 ರೂಪಾಯಿ ದಾಟಿತು. ಬೇರೆ ಕಡೆಯವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಜೋಳದ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿಯದೆ ಊಟ ಇಳಿಯದವರ ನಡುವೆ ಇದು ದೊಡ್ಡ ವಿಷಯ.

ಒಂದು ರಾತ್ರಿ ಅವನು ಹಲಗೆಯ ಮೇಲೆ ಬರೆದ: 'ಉಳ್ಳಾಗಡ್ಡಿ 4 ಕೆಜಿ, 440 ರೂ. ನಾಳೆಯಿಂದ ತಾಟಿನಲ್ಲಿ ಹಸಿ ಉಳ್ಳಾಗಡ್ಡಿ ಇಲ್ಲ. ಮೂಲಂಗಿ, ಸವತಿಕಾಯಿ, ಮೆಂತ್ಯೆ ಸೊಪ್ಪು.' ಕೆಳಗೆ ಯಾರೋ ಬರೆದರು: 'ಸೆಕ್ರೆಟರಿ ಮದುವಿಗೆ ಉಳ್ಳಾಗಡ್ಡಿ ಉಡುಗೊರೆ ಕೊಡೂಣು.' ಮರುದಿನ ಖರ್ಚು ಬರೆಯುವಾಗ ಅವನು ಆ ಸಾಲು ಅಳಿಸಲಿಲ್ಲ, ಅದರ ಪಕ್ಕದಲ್ಲಿ ಜಾಗ ಮಾಡಿಕೊಂಡು ಬರೆದ. ಮೂರು ದಿನ ಅದು ಹಾಗೇ ಇತ್ತು. ಹಲಗೆ ನೋಡಲು ಜನ ನಿಲ್ಲತೊಡಗಿದ್ದು ಆಗಲೇ, ಜೋಕಿನ ಆಸೆಗೆ.

ನಿಂತವರು ಅಂಕಿಗಳನ್ನೂ ನೋಡಿದರು. ಹತ್ತು ದಿನದ ಮೇಲೆ ಒಬ್ಬ ಕೂಡಿಸಿ ನೋಡಿ, "ಲೇ, ಇದು ಸಾವಿರ ರೂಪಾಯಿ ಕಡಿಮಿ ಐತಿ" ಅಂದ. ಮೂರನೆಯವನು ಅಲ್ಲೇ ಚೀಟಿ ತೆಗೆದು ಕೂಡಿಸಿದ. ಹೌದು, ಕಿರಾಣಿ ಬಿಲ್ಲಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಸೀಮೆಸುಣ್ಣ ತಗೊಂಡು ಹಳೆಯ ಮೊತ್ತದ ಮೇಲೆ ಗೀಟು ಎಳೆದ, ಅಳಿಸಲಿಲ್ಲ, ಪಕ್ಕದಲ್ಲಿ ಸರಿ ಮೊತ್ತ ಬರೆದು 'ನನ್ನ ತಪ್ಪು' ಅಂತ ಸೇರಿಸಿದ. ತಪ್ಪು ಹಿಡಿದ ಹುಡುಗ ಮರುದಿನದಿಂದ ದಿನಾ ಕೂಡಿಸತೊಡಗಿದ. ಪುಕ್ಕಟೆ ಆಡಿಟರ್!

ನನ್ನ ಪ್ರಕಾರ ಮೆಸ್ ಉಳಿದದ್ದು ಆ ರಾತ್ರಿ. ಡಿಸೆಂಬರ್ ಬಿಲ್ ಏನೂ ಇಳಿಯಲಿಲ್ಲ, 41 ಜನರಿಗೆ 2,320 ಬಂತು, ಖಾನಾವಳಿಗಿಂತ ಜಾಸ್ತಿಯೇ. ಆದರೂ ಬಿಲ್ ಹಚ್ಚಿದ ದಿನ ಗಲಾಟೆ ಆಗಲಿಲ್ಲ. ಮೂವತ್ತು ದಿನ ಹಲಗೆಯ ಮೇಲೆ ಏರುತ್ತಾ ಬಂದದ್ದನ್ನು ಎಲ್ಲರೂ ನೋಡಿದ್ದರು. ಯಾರೂ ಬಿಟ್ಟು ಹೋಗಲಿಲ್ಲ.

ಬಾಕಿ

ಜನವರಿಯಲ್ಲಿ ಅವನು ರೂಮು ರೂಮಿಗೆ ಹೋದ, ಸಂಜೆ ಹೊತ್ತು, ಒಬ್ಬನೇ. ಬಾಗಿಲಿನ ಪಟ್ಟಿಯನ್ನು ಮೊದಲ ದಿನವೇ ಕಿತ್ತು ಹಾಕಿದ್ದ. ದುಡ್ಡು ಕೊಡು ಅಂತ ಕೇಳುತ್ತಿರಲಿಲ್ಲ. "ಯಾವಾಗ ಕೊಡ್ತಿ? ತಾರೀಖ ನೀನ ಹೇಳು" ಅಂತ ಕೇಳಿ, ಅವರು ಹೇಳಿದ ತಾರೀಖನ್ನು ಅವರ ಕೈಯಿಂದಲೇ ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದ. ಆ ತಾರೀಖಿನ ದಿನ ಬೆಳಿಗ್ಗೆ ಹೋಗಿ ನಿಲ್ಲುತ್ತಿದ್ದ. ಅಷ್ಟೇ.

ಒಂದು ವಾರ ಆದ ಮೇಲೆ ನನ್ನ ಹತ್ತಿರ ಬಂದ. 26ರಲ್ಲಿ 9 ಜನರಿಗೆ ನಿಜಕ್ಕೂ ದುಡ್ಡಿಲ್ಲ, ಕೆಲವರದ್ದು ನೆರೆ, ಕೆಲವರದ್ದು ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ. ಇವರನ್ನು ನಾನು ಕೇಳುವುದಿಲ್ಲ, ಇವರ ಪರವಾಗಿ ಅಂಗಡಿಯವರ ಹತ್ತಿರ ನೀವು ಮಾತಾಡಬೇಕು ಅಂದ. ಹೆಸರು ಕೇಳಿದೆ. ಹೇಳಲಿಲ್ಲ. ನನಗೆ ಸಿಟ್ಟು ಬಂತು, ವಾರ್ಡನ್‌ಗೇ ಹೇಳುವುದಿಲ್ಲ ಅಂದರೆ? ಆದರೆ ಎದ್ದು ಅಂಗಡಿಗೆ ಹೋದೆ. ಇಡೀ ವರ್ಷದಲ್ಲಿ ಮೆಸ್‌ಗಾಗಿ ನಾನು ಮಾಡಿದ ನಿಜವಾದ ಕೆಲಸ ಅಂದರೆ ಅದೊಂದೇ. ಅಂಗಡಿಯವರು ಏಪ್ರಿಲ್ ತನಕ ಕಾಯಲು ಒಪ್ಪಿದರು. ಉಳಿದ 17 ಜನರಲ್ಲಿ 12 ಜನ ಜನವರಿಯೊಳಗೆ ಕೊಟ್ಟರು. ಐದು ಜನ ಕೊನೆತನಕ ಆಡಿಸಿದರು, ಅಂಥವರು ಎಲ್ಲ ಹಾಸ್ಟೆಲ್‌ನಲ್ಲೂ ಇರುತ್ತಾರೆ.

ಜ್ವರ

ಇಲ್ಲಿಯವರೆಗೆ ಓದಿದವರಿಗೆ ಇದು ಒಬ್ಬ ಒಳ್ಳೆಯ ಹುಡುಗನ ಕತೆ ಅನಿಸಿರಬಹುದು. ಕಷ್ಟದ ಭಾಗ ಈಗ ಇದೆ.

ಜನವರಿ ಕೊನೆಗೆ ಅವನಿಗೆ ಜ್ವರ ಬಂತು. ಮೊದಲ ದಿನ ರೂಮ್‌ಮೇಟ್ ಹೋದ. ಎರಡನೇ ದಿನ ಅವನೂ ಹೋಗಲಿಲ್ಲ. ಮೂರನೇ ದಿನ ಹಲಗೆ ಖಾಲಿ. ನಾಲ್ಕನೇ ದಿನ ಬೆಳಿಗ್ಗೆ ಮೂರನೆಯವನು ಸ್ವೆಟರ್ ಹಾಕಿಕೊಂಡು, ನಡುಗುತ್ತ ಅಡುಗೆಮನೆಗೆ ಬಂದು ನಿಂತ. ಅವ್ವ ಹಣೆ ಮುಟ್ಟಿ ನೋಡಿ, "ಹೋಗ ತಮ್ಮಾ, ಮಲ್ಕೋ ಹೋಗು" ಅಂತ ಗದರಿಸಿ ಕಳಿಸಿದರು. ನಾಷ್ಟಾಕ್ಕೆ ಹುಡುಗರು ಬಂದಾಗ ಉಪ್ಪಿಟ್ಟಿನ ಪಾತೇಲಿ ಮುಚ್ಚಿಟ್ಟು ಬಾಗಿಲಲ್ಲಿ ನಿಂತರು.

"ನಾಳಿಗೆ ಹಾಲು ತಗೊಳ್ಳಾಕ ಯಾರ ಬರ್ತೀರಿ ಹೇಳ್ರಿ. ಇಲ್ಲಂದ್ರ ನಾ ತಗೊಳ್ಳಂಗಿಲ್ಲ. ಚಾ ಇಲ್ಲ, ಏನಿಲ್ಲ."

ಏಳು ಜನ ಹೆಸರು ಕೊಟ್ಟರು. ವಾರಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬೆಳಗು. ಆ ಏಳರಲ್ಲಿ ಎರಡನೆಯವನೂ ಇದ್ದ, ದಿನಾ ಲೆಕ್ಕ ಕೂಡಿಸುತ್ತಿದ್ದ ಹುಡುಗನೂ ಇದ್ದ. ಶುಕ್ರವಾರಕ್ಕೆ ಯಾರು ಅಂತೀರಿ? ಮೊದಲನೆಯವನು.

ಜ್ವರ ಬಿಟ್ಟ ಮೇಲೆ ಮೂರನೆಯವನಿಗೆ ಇದು ಹಿಡಿಸಲಿಲ್ಲ. ಅವರು ಸರಿಯಾಗಿ ಅಳೆಯುವುದಿಲ್ಲ, ಚೀಟಿ ಕಳೆಯುತ್ತಾರೆ, ನಾನೇ ಮಾಡುತ್ತೇನೆ ಅಂದ. ನಾಲ್ಕು ದಿನ 6ಕ್ಕೇ ಹೋಗಿ, ಸರದಿಯ ಹುಡುಗರು ಬರುವ ಮೊದಲೇ ಕೆಲಸ ಮುಗಿಸಿಟ್ಟ. ಕೆಲಸದ ಮೇಲಿನ ನಿಷ್ಠೆ ಎಲ್ಲಿ ಮುಗಿದು ಹಟ ಎಲ್ಲಿ ಶುರು ಆಗುತ್ತದೆ ಅಂತ ಅವನಿಗೂ ಗೊತ್ತಾಗಲಿಲ್ಲ, ನನಗೂ. ಅಷ್ಟರಲ್ಲಿ ಸೆಮಿಸ್ಟರ್ ರಿಸಲ್ಟ್ ಬಂತು. ಅವನಿಗೆ ಒಂದು ಪೇಪರ್ ಉಳಿಯಿತು. ಡಿಸೆಂಬರ್ ಪರೀಕ್ಷೆಯ ದಿನಗಳಲ್ಲೂ ಅವನು ಒಂದು ರಾತ್ರಿಯೂ ಹಲಗೆ ಬಿಟ್ಟಿರಲಿಲ್ಲ, ಅದನ್ನು ನಾನು ಮಂಗಳವಾರದ ಊಟದ ಸಾಲಿನಲ್ಲಿ ನಾಲ್ಕು ಜನರ ಮುಂದೆ ಹೊಗಳಿದ್ದೆ. ಹೊಗಳುವ ಬದಲು 'ಈ ಹದಿನೈದು ದಿನ ಬೇರೆಯವರು ಬರೆಯಲಿ' ಅನ್ನಬೇಕಿತ್ತು. ಒಬ್ಬ ಹುಡುಗ ಎಲ್ಲವನ್ನೂ ಹೊತ್ತರೆ ಸುತ್ತಲಿನವರಿಗೆ ಎಷ್ಟು ಆರಾಮ ಆಗುತ್ತದೆ ಅಂದರೆ, ಅವನ ಬೆನ್ನು ಬಾಗಿದ್ದು ಯಾರಿಗೂ ಕಾಣುವುದಿಲ್ಲ. ಆ ಪೇಪರಿನ ಋಣ ನನ್ನ ಮೇಲೂ ಇದೆ.

ರಿಸಲ್ಟ್ ನೋಡಿದ ಮೇಲೆ ಅವನು ಬೆಳಗಿನ ಕೆಲಸ ಏಳು ಜನರಿಗೆ ಬಿಟ್ಟ. ರಾತ್ರಿಯ ಹಲಗೆ ಮಾತ್ರ ಇಟ್ಟುಕೊಂಡ. ಚೀಟಿಗಳು ಒಂದೆರಡು ಕಳೆದದ್ದು ನಿಜ, ಲೋಕ ಮುಳುಗಲಿಲ್ಲ. ಫೆಬ್ರವರಿಯಲ್ಲಿ ಉಂಡವರು 58, ಬಿಲ್ 2,030. ಹಳೆಯ ಬಾಕಿ ವಸೂಲಾಗಿ ಅಂಗಡಿಯ ಸಾಲ ಮಾರ್ಚ್ ಮೊದಲ ವಾರಕ್ಕೆ 11,000ಕ್ಕೆ ಇಳಿದಿತ್ತು.

ಬೇರೆ ಹಾಸ್ಟೆಲ್‌ನವರು ಕೇಳಿದಾಗ ಹೇಳಿದ್ದು

ಈ ಪ್ರಕರಣದಿಂದ ನಾನು ಕಲಿತದ್ದನ್ನು ಆಮೇಲೆ ಎರಡು ಕಡೆ ಮಾಡಿ ನೋಡಿದ್ದೇನೆ. ವಿದ್ಯಾರ್ಥಿ ಪ್ರತಿನಿಧಿಯನ್ನು ಆರಿಸುವಾಗ ಏನು ಮಾಡುತ್ತೀ ಅಂತ ಈಗ ಕೇಳುವುದಿಲ್ಲ, ಎಷ್ಟು ಗಂಟೆಗೆ ಎಲ್ಲಿ ಇರುತ್ತೀ, ಯಾವ ತಾರೀಖಿನ ತನಕ ಅಂತ ಕೇಳುತ್ತೇನೆ. ಸೊಗಸಾಗಿ ಮಾತಾಡುವವರು ಈ ಪ್ರಶ್ನೆಗೆ ತಡವರಿಸುತ್ತಾರೆ, ನಿಜಕ್ಕೂ ಮಾಡುವವರು ಬಹಳ ಸಣ್ಣ ಉತ್ತರ ಕೊಡುತ್ತಾರೆ. ಬಿಡುವ ತಾರೀಖು ಮೊದಲೇ ಗೊತ್ತಿದ್ದರೆ ಮಧ್ಯದಲ್ಲಿ ಬಿಡುವುದು ಕಡಿಮೆ, ಇದು ನನಗೆ ಆಶ್ಚರ್ಯ ಅನಿಸಿದ ವಿಷಯ. ಇನ್ನೊಂದು, ಅವರ ಬದಲಿಗೆ ನಿಲ್ಲುವವರ ಹೆಸರನ್ನು ಮೊದಲ ದಿನವೇ ಬರೆಸಿಕೊಳ್ಳಬೇಕು, ಒಬ್ಬನದ್ದಲ್ಲ, ಮೂವರದ್ದು. ಮೂರನೆಯವನ ರೂಮ್‌ಮೇಟ್ ಒಬ್ಬನನ್ನೇ ನಂಬಿದ್ದು ನಮ್ಮ ತಪ್ಪು.

ಮೊದಲನೆಯವನಂಥ ಹುಡುಗರನ್ನು ಬಿಟ್ಟುಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಅವನಿಗೆ ದಿನದ ಕೆಲಸ ಕೊಟ್ಟದ್ದೇ ತಪ್ಪು. ವಾರಕ್ಕೊಂದು ಶುಕ್ರವಾರ ಕೊಟ್ಟಾಗ ಒಂದೂ ತಪ್ಪಿಸಲಿಲ್ಲ, ಮೇಲಾಗಿ ಹಾಲಿನವನನ್ನು ನಗಿಸಿ ನಗಿಸಿ ಲೀಟರಿಗೆ ಎರಡು ರೂಪಾಯಿ ಕಡಿಮೆ ಮಾಡಿಸಿದ.

ಮಾರ್ಚ್

13ರಂದು ಕೊರೊನಾ ಅಂತ ಸರ್ಕಾರದ ಆದೇಶ ಬಂತು, 14ರಿಂದ ಕಾಲೇಜು ಬಂದ್. ಒಂದು ವಾರ ಅಂದಿದ್ದರು. ಎರಡು ದಿನದಲ್ಲಿ ಹಾಸ್ಟೆಲ್ ಖಾಲಿ ಆಯಿತು. ಮೂರನೆಯವನೂ ಕೀಲಿ ನನ್ನ ಕೈಗೆ ಕೊಟ್ಟು, ರಿಜಿಸ್ಟರನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದ. "ರಿಜಿಸ್ಟರ್ ಯಾಕೋ?" ಅಂದೆ. "31ರ ತನಾ ನಂದ ಐತಲ್ರಿ" ಅಂದ.

25ಕ್ಕೆ ದೇಶಕ್ಕೇ ಬೀಗ ಬಿತ್ತು. ಸ್ಟೋರ್‌ನಲ್ಲಿ ಅಕ್ಕಿಯ ಆರು ಚೀಲ, ತೊಗರಿಬೇಳೆ, ಎಣ್ಣೆಯ ಡಬ್ಬಿಗಳು ಉಳಿದಿದ್ದವು. ಅವನು ಊರಿನಿಂದ ಫೋನ್ ಮಾಡಿ ಒಂದೊಂದೇ ಮುಗಿಸಿದ. ಬಾಯಿ ಹೊಲಿದ ಚೀಲಗಳನ್ನು ಅಂಗಡಿಯವರು ಕೊಂಡ ರೇಟಿಗೇ ವಾಪಸ್ ತಗೊಂಡರು, ಅಷ್ಟು ಸಾಲ ಕಡಿಮೆಯಾಯಿತು. ಬಿಚ್ಚಿದ ಚೀಲ, ಬೇಳೆ, ಎಣ್ಣೆ ಅಡುಗೆಯವರಿಗೆ ಅಂತ ಗ್ರೂಪಿನಲ್ಲಿ ಹಾಕಿ, ಬೇಡ ಅನ್ನುವವರು ರಾತ್ರಿಯೊಳಗೆ ಹೇಳಿ ಅಂದ. ಯಾರೂ ಬೇಡ ಅನ್ನಲಿಲ್ಲ. ಮಾರ್ಚ್ ಪಗಾರ ಪೂರ್ತಿ ಕೊಡಬೇಕೋ, ಹದಿನಾಲ್ಕು ದಿನದ್ದೋ ಅನ್ನುವುದಕ್ಕೆ ಮಾತ್ರ ಜಗಳ ಆಯಿತು. ದಿನದ ಲೆಕ್ಕ ಹಿಡಿದರೆ ಅರ್ಧ. ಎರಡನೆಯವನು, ಹೌದು, ಅದೇ ಲೆಕ್ಕದವನು, ಪೂರ್ತಿ ಕೊಡೋಣ ಅಂತ ಮೊದಲು ಬರೆದ. ಕೊಟ್ಟರು.

31ರ ರಾತ್ರಿ 9:30ಕ್ಕೆ ಗ್ರೂಪಿಗೆ ಒಂದು ಫೋಟೋ ಬಂತು. ರಿಜಿಸ್ಟರಿನ ಕೊನೆಯ ಪುಟ. ಯಾರಿಗೆ ಎಷ್ಟು ವಾಪಸ್, ಯಾರಿಂದ ಎಷ್ಟು ಬರಬೇಕು, ಎಲ್ಲ ಕೂಡಿಸಿ ಕಳೆದು ಮೆಸ್ ಖಾತೆಯಲ್ಲಿ ಉಳಿದದ್ದು 1,340 ರೂಪಾಯಿ. ಕೆಳಗೆ, 'ಕೀಲಿ ಸರ್ ಹತ್ರ ಐತಿ.' ಸ್ವಲ್ಪ ಹೊತ್ತಿಗೆ ಮೊದಲನೆಯವನ ಮೆಸೇಜ್ ಬಂತು: 'ಇವತ್ತ ಹಲಗಿ ಮ್ಯಾಲೆ ಬರೀಲಿಲ್ಲಲ್ಲೋ?'

ನವೆಂಬರ್ 17ಕ್ಕೆ ಕಾಲೇಜುಗಳು ತೆರೆದವು. ಮೂರನೆಯವನು ಬಂದದ್ದು ಉಳಿದ ಆ ಒಂದು ಪೇಪರ್‌ಗೆ ಕಟ್ಟಲು. ಊಟದ ಹಾಲ್ ತೆಗೆದಾಗ ನಾವಿಬ್ಬರೂ ಇದ್ದೆವು. ಹಲಗೆಯ ಮೇಲೆ ಮಾರ್ಚ್ 14ರ ಖರ್ಚು ಹಾಗೇ ಇತ್ತು, ಸೀಮೆಸುಣ್ಣ ಸ್ವಲ್ಪ ಉದುರಿತ್ತು ಅಷ್ಟೇ. ಅವನು ಹತ್ತಿರ ಹೋಗಿ ಕೂಡಿಸಿ ನೋಡಿದ.

"ಸರಿ ಐತ್ರಿ" ಅಂದ. ಒದ್ದೆ ಬಟ್ಟೆ ತಂದು ಒರೆಸಿದ.